ಬಿಸಿ ಗೋಡೆಯ ಮೇಲೆ ಇಳಿಯುವ ಪೊರೆ: ಅಲೆಯೂ ಬರಿದಾದ ಜಾಗವೂ

ದಾವಣಗೆರೆ ತಾಲ್ಲೂಕಿನ ಕುಕ್ಕುವಾಡ ಎಂದರೆ ಸುತ್ತಲಿನವರಿಗೆ ಮೊದಲು ನೆನಪಾಗುವುದು ಸಕ್ಕರೆ ಕಾರ್ಖಾನೆ. 1970ರಲ್ಲಿ ಸ್ಥಾಪನೆಯಾದ ದಾವಣಗೆರೆ ಶುಗರ್ ಕಂಪನಿ ಇರುವುದು ಇಲ್ಲೇ, ಭದ್ರಾ ನಾಲೆಯ ನೀರುಣ್ಣುವ ಸೀಮೆಯಲ್ಲಿ. ಸಕ್ಕರೆ ಕಾರ್ಖಾನೆ ಎಂದಾಗ ನಮ್ಮ ಕಣ್ಣು ಕಬ್ಬು ನುರಿಸುವ ದೊಡ್ಡ ಉರುಳೆಗಳ ಕಡೆ ಹೋಗುತ್ತದೆ. ಆದರೆ ಶಾಖದ ದೊಡ್ಡ ಲೆಕ್ಕವಿರುವುದು ನೀರು ತೆಗೆಯುವಲ್ಲಿ. ತಿಳಿಗೊಳಿಸಿದ ಕಬ್ಬಿನ ಹಾಲಿನಲ್ಲಿ ಕರಗಿರುವ ಪದಾರ್ಥ ಸುಮಾರು ಶೇ 15. ಪಾಕವಾಗುವಾಗ ಅದು ಶೇ 60ರ ಆಸುಪಾಸಿಗೆ ಬರಬೇಕು. ಅಂದರೆ 100 ಕಿಲೋ ಹಾಲಿನಿಂದ 75 ಕಿಲೋ ನೀರು ಆವಿಯಾಗಿ ಹೋಗಬೇಕು, ಅದೂ ಸಕ್ಕರೆ ಸೀದು ಕಂದಾಗದಂತೆ. ಅದಕ್ಕೊಂದು ದಾರಿ ಹಾಲನ್ನು ಬಿಸಿ ಗೋಡೆಯ ಮೇಲೆ ತೆಳ್ಳಗೆ ಇಳಿಸುವುದು. ಬಿಸಿ ಗೋಡೆಯ ಮೇಲೆ ಇಳಿಯುವ ತೆಳ್ಳನೆಯ ದ್ರವ ಯಾಕೆ ನೆಮ್ಮದಿಯಾಗಿ ಇಳಿಯುವುದಿಲ್ಲ ಎಂಬ ಪ್ರಶ್ನೆ ಕೇವಲ ಗಣಿತಜ್ಞರದ್ದಲ್ಲ, ಈ 75 ಕಿಲೋ ನೀರಿನದೂ ಹೌದು.

ಆಲೆಮನೆಯ ಕೊಪ್ಪರಿಗೆಯಲ್ಲಿ ಒಂದು ಸಲ ಎದ್ದ ಆವಿ ಗಾಳಿಗೆ ಹೋಯಿತೆಂದರೆ ಅದರ ಶಾಖವೂ ಹೋಯಿತು. ಆ ಆವಿಯನ್ನೇ ಹಿಡಿದು, ಕಡಿಮೆ ಒತ್ತಡದ ಮುಂದಿನ ಪಾತ್ರೆಯ ಹಾಲನ್ನು ಕುದಿಸಲು ಬಳಸಿದವನು ನಾರ್ಬರ್ಟ್ ರಿಲ್ಯೂ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕಪ್ಪು ತಾಯಿಯ ಮಗನಾಗಿ ಹುಟ್ಟಿ, ಪ್ಯಾರಿಸ್‌ನಲ್ಲಿ ಓದಿದ ಈತ 1843 ಮತ್ತು 1846ರಲ್ಲಿ ಪೇಟೆಂಟ್ ಪಡೆದ. ಇಂದಿನ ಸಕ್ಕರೆ ಕಾರ್ಖಾನೆಗಳ ಸಾಲು ಎವಾಪರೇಟರ್‌ಗಳು ಇವನ ಕುಡಿಗಳೇ. ಮುಂದೆ ಬಂದ ಒಂದು ಬಗೆಯೇ ಫಾಲಿಂಗ್ ಫಿಲ್ಮ್ ಎವಾಪರೇಟರ್: ಉದ್ದನೆಯ ನೆಟ್ಟ ಕೊಳವೆಗಳ ಒಳಗೋಡೆಗೆ ಅಂಟಿಕೊಂಡು ಹಾಲು ಪೊರೆಯಾಗಿ ಇಳಿಯುತ್ತದೆ, ಹೊರಗೆ ಹಬೆ. ಪಾತ್ರೆಯಲ್ಲಿ ಹಾಲು ತುಂಬಿ ನಿಂತರೆ ತಳದ ದ್ರವ ಮೇಲಿನದರ ಭಾರಕ್ಕೆ ಹೆಚ್ಚು ಉಷ್ಣತೆಯಲ್ಲಿ ಕುದಿಯಬೇಕಾಗುತ್ತದೆ; ಪೊರೆಗೆ ಆ ತೊಂದರೆ ಇಲ್ಲ. ಉಷ್ಣತೆಯ ಅಂತರ ಚಿಕ್ಕದಿದ್ದರೂ ಕೆಲಸ ನಡೆಯುತ್ತದೆ, ಹಾಲು ಬಿಸಿಯಲ್ಲಿ ಇರುವ ಹೊತ್ತೂ ಕಡಿಮೆ.

ಈ ಪೊರೆಯ ಮೊದಲ ಗಟ್ಟಿ ಲೆಕ್ಕ 1916ರಲ್ಲಿ ಬಂತು. ಜರ್ಮನಿಯ ವಿಲ್ಹೆಲ್ಮ್ ನುಸೆಲ್ಟ್ ತಣ್ಣನೆಯ ಗೋಡೆಯ ಮೇಲೆ ಆವಿ ನೀರಾಗಿ ಇಳಿಯುವುದನ್ನು ಲೆಕ್ಕ ಹಾಕುತ್ತ, ಪೊರೆ ಗಾಜಿನಂತೆ ನುಣುಪಾಗಿದೆ ಎಂದು ಇಟ್ಟುಕೊಂಡ. ಅವನ ಸೂತ್ರದಲ್ಲಿ ಹರಿವು ಎಂಟು ಪಟ್ಟಾದರೆ ಪೊರೆಯ ದಪ್ಪ ಎರಡು ಪಟ್ಟು ಮಾತ್ರ. ಬಿಸಿ ನೀರಿನ ಪೊರೆ ಸಾಮಾನ್ಯವಾಗಿ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಲೆಕ್ಕ ಚೆಂದ, ಆದರೆ ಅಳತೆ ಮಾಡಿದಾಗ ಶಾಖ ಸಾಗುವಿಕೆ ಪದೇ ಪದೇ ಅದಕ್ಕಿಂತ ಹೆಚ್ಚು ಬರುತ್ತಿತ್ತು. ಕಾರಣ ತೋರಿಸಿದವರು ಪಯೋಟರ್ ಕಾಪಿಟ್ಸಾ. ಸ್ಟಾಲಿನ್ ಆಡಳಿತದ ಅವಕೃಪೆಗೆ ಒಳಗಾಗಿ, ಪ್ರಯೋಗಾಲಯದಿಂದ ಹೊರಬಿದ್ದು, ಮಾಸ್ಕೋ ಹೊರಗಿನ ಮನೆಯಲ್ಲಿ ಮಗ ಸೆರ್ಗೈ ಜೊತೆ ಇಳಿಯುವ ನೀರಿನ ಪೊರೆಯ ನೆರಳನ್ನು ಚಿತ್ರ ಹಿಡಿದರು, 1948–49ರಲ್ಲಿ ಪ್ರಕಟಿಸಿದರು. ಪೊರೆ ಅಲೆಯಾಗುತ್ತದೆ, ಅಲೆಯಾದಾಗ ಸರಾಸರಿ ದಪ್ಪ ಇಳಿಯುತ್ತದೆ, ಶಾಖ ಹೆಚ್ಚು ಸಾಗುತ್ತದೆ. 1957ರಲ್ಲಿ ಬ್ರೂಕ್ ಬೆಂಜಮಿನ್, 1963ರಲ್ಲಿ ಚಿಯಾ-ಶುನ್ ಯಿಹ್ ಇದನ್ನು ಗಣಿತದಲ್ಲಿ ಕಟ್ಟಿಹಾಕಿದರು: ಗೋಡೆ ನೇರವಾಗಿ ನಿಂತಿದ್ದರೆ ಎಷ್ಟೇ ಸಣ್ಣ ಹರಿವಾದರೂ ಪೊರೆ ಅಸ್ಥಿರವೇ. ಅಂದರೆ ನುಸೆಲ್ಟ್‌ನ ನುಣುಪು ಪೊರೆ ನೆಟ್ಟ ಕೊಳವೆಯಲ್ಲಿ ನಿಲ್ಲಲಾರದು, ಹಾಗೆ ನಿಲ್ಲದಿರುವುದೇ ಲಾಭ.

ಹಾಗಾದರೆ ಅಸ್ಥಿರತೆ ಒಳ್ಳೆಯದು ಎಂದು ಮುಗಿಸಬಹುದಲ್ಲ? ಆಗದು, ಏಕೆಂದರೆ ಬಿಸಿ ಗೋಡೆ ಇನ್ನೊಂದು ಬಗೆಯ ಅಸ್ಥಿರತೆಯನ್ನು ತರುತ್ತದೆ. ನೀರಿನ ಮೇಲ್ಮೈ ಎಳೆತ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ 72.8 ಮಿಲಿನ್ಯೂಟನ್, 100 ಡಿಗ್ರಿಗೆ 58.9. ಪೊರೆ ಎಲ್ಲಿ ತೆಳುವೋ ಅಲ್ಲಿ ಮೇಲ್ಮೈ ಗೋಡೆಗೆ ಹತ್ತಿರ, ಹೆಚ್ಚು ಬಿಸಿ, ಎಳೆತ ಕಡಿಮೆ. ಪಕ್ಕದ ತಣ್ಣನೆಯ ಮೇಲ್ಮೈ ಅಲ್ಲಿನ ದ್ರವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ತೆಳುವಾದದ್ದು ಇನ್ನೂ ತೆಳುವಾಗುತ್ತದೆ. 1900ರಲ್ಲಿ ಹೆನ್ರಿ ಬೆನಾರ್ ಬಿಸಿ ಪದರದಲ್ಲಿ ಕಂಡ ಆರುಮೂಲೆಯ ಗೂಡುಗಳನ್ನು ರೇಲಿ 1916ರಲ್ಲಿ ಬಿಸಿ ದ್ರವ ಹಗುರಾಗಿ ಏಳುವುದರಿಂದ ವಿವರಿಸಿದರು. ತೆಳು ಪದರದಲ್ಲಿ ಮುಖ್ಯ ಕಾರಣ ಮೇಲ್ಮೈ ಎಳೆತ ಎಂದು ತಿಳಿಯಲು 1956ರ ಬ್ಲಾಕ್, 1958ರ ಪಿಯರ್ಸನ್ ಬರಬೇಕಾಯಿತು. ನಮ್ಮಲ್ಲೂ ಈ ಎಳೆ ಇದೆ: ಬೆಂಗಳೂರು ವಿಶ್ವವಿದ್ಯಾಲಯದ ಸೆಂಟ್ರಲ್ ಕಾಲೇಜಿನಲ್ಲಿ ಎನ್. ರುದ್ರಯ್ಯ ಮತ್ತು ಸಂಗಡಿಗರು 1985ರಲ್ಲಿ ಇಂಥ ಚಲನೆಯ ಮೇಲೆ ಕಾಂತಕ್ಷೇತ್ರದ ಪರಿಣಾಮ ಲೆಕ್ಕ ಹಾಕಿದರು. ಇಳಿಯುವ ಪೊರೆಯಲ್ಲಿ ಅಲೆ ಮತ್ತು ಈ ಎಳೆತ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದನ್ನು 1991ರಲ್ಲಿ ಗೂಸಿಸ್–ಕೆಲ್ಲಿ ಜೋಡಿಯೂ, ಜೂ, ಡೇವಿಸ್, ಬ್ಯಾಂಕಾಫ್ ತಂಡವೂ ಬಿಡಿಸಿಟ್ಟರು. ಮೊದಲನೆಯದು ಪೊರೆಯನ್ನು ಅಲೆಯಾಗಿಸಿ ಕಲಕುತ್ತದೆ. ಎರಡನೆಯದು ಅದನ್ನು ಸಣ್ಣ ತೊರೆಗಳಾಗಿ ಸೀಳಿ ನಡುವೆ ಗೋಡೆಯನ್ನು ಬರಿದು ಮಾಡಬಲ್ಲದು. ಇವೆರಡನ್ನೂ ಅಸ್ಥಿರತೆ ಎಂಬ ಒಂದೇ ಹೆಸರಿನಡಿ ತುರುಕಿದ್ದರಿಂದಲೇ ಗೊಂದಲ ಎಂದು ನನ್ನ ಅಭಿಪ್ರಾಯ.

ಇಲ್ಲಿ ಬಲವಾದ ಆಕ್ಷೇಪವೊಂದಿದೆ. ಎವಾಪರೇಟರ್‌ನೊಳಗೆ ಪೊರೆಯ ಸುತ್ತ ಇರುವುದು ಅದರದೇ ಆವಿ. ಹಾಗಾಗಿ ಮೇಲ್ಮೈಯ ಉಷ್ಣತೆ ಎಲ್ಲೆಡೆ ಬಹುತೇಕ ಒಂದೇ, ಎಳೆತದ ವ್ಯತ್ಯಾಸ ಅಲ್ಪ. ಸಕ್ಕರೆ ಹೆಚ್ಚಿದಂತೆ ಮೇಲ್ಮೈ ಎಳೆತ ತುಸು ಏರುವುದೂ ನಿಜ, ಅದು ತೆಳು ಜಾಗಕ್ಕೆ ದ್ರವವನ್ನು ಮರಳಿ ಕರೆತರಬಲ್ಲದು. ಒಪ್ಪಬೇಕಾದ ಮಾತೇ. ಆದರೆ ತೆಳು ಜಾಗದಲ್ಲಿ ಶಾಖ ಬೇಗ ದಾಟುತ್ತದೆ, ಆವಿ ಹೆಚ್ಚು ಏಳುತ್ತದೆ, ಜಾಗ ಇನ್ನೂ ತೆಳುವಾಗುತ್ತದೆ. ಬರೆಲ್‌ಬಾಕ್, ಬ್ಯಾಂಕಾಫ್, ಡೇವಿಸ್ 1988ರಲ್ಲಿ ಆವಿಯಾಗುವ ಪೊರೆಗೆ ಬರೆದ ಸಮೀಕರಣದಲ್ಲಿ ಈ ಸುಳಿಯೂ ಸೇರಿದೆ. ಎಳೆತ ದುರ್ಬಲವಾದರೂ ಬರಿದಾಗುವ ದಾರಿ ಮುಚ್ಚಿಲ್ಲ. ಬರಿದಾದಲ್ಲಿ ಪಾಕ ತಳ ಹಿಡಿದಂತೆ ಕಿಟ್ಟವಾಗುತ್ತದೆ, ಕಿಟ್ಟ ಶಾಖವನ್ನು ತಡೆಯುತ್ತದೆ.

ಪೊರೆಯನ್ನು ದಪ್ಪಗಿಟ್ಟರೆ ಸಾಕಲ್ಲ ಎಂಬುದು ಇನ್ನೊಂದು ಮಾತು. ಕೊನೆಯ ಪಾತ್ರೆಯನ್ನು ನೋಡಿ: 100 ಕಿಲೋದಲ್ಲಿ ಉಳಿದದ್ದು 25 ಕಿಲೋ. ಕೊಳವೆಗಳ ಒಳಮೈ ಪೂರ್ತಿ ಒದ್ದೆಯಾಗಿರಲು ಅಷ್ಟು ಸಾಲದೆ ಹೋಗಬಹುದು. ಅದಕ್ಕೇ ಪಂಪಿನಿಂದ ಪಾಕವನ್ನು ಮತ್ತೆ ಮೇಲಕ್ಕೆತ್ತಿ ಸುತ್ತು ಹೊಡೆಸುತ್ತಾರೆ. ಪ್ರತಿ ಸುತ್ತಿಗೂ ವಿದ್ಯುತ್ ಬೇಕು, ಸಕ್ಕರೆ ಬಿಸಿಯಲ್ಲಿ ಕಳೆಯುವ ಹೊತ್ತು ಹೆಚ್ಚುತ್ತದೆ, ಬಣ್ಣ ಏರುತ್ತದೆ. ಇಳಿಯುವ ಪೊರೆಯನ್ನು ಆರಿಸಿಕೊಂಡದ್ದು ಯಾವ ಹೊತ್ತನ್ನು ಉಳಿಸಲೆಂದೋ, ಅದರಲ್ಲೊಂದು ಪಾಲು ಕೊಳವೆಯನ್ನು ಒದ್ದೆಯಾಗಿಡಲು ಖರ್ಚಾಗುತ್ತದೆ.