ಘಟ್ಟದ ತಿರುವಿಗೆ ಸ್ಪೋರ್ಟ್ಸ್ ಕಾರು: ಕಾರವಾರ, ಅಂಕೋಲಾದಲ್ಲಿ ಯಾವ ರಸ್ತೆ, ಯಾವ ಹೊತ್ತು?

ಇವತ್ತಿನ ಕಂತು ರಸ್ತೆಯ ಬಗ್ಗೆ. "ಅಣ್ಣಾ, ಕಾರವಾರದ ಕಡೆ ಬರ್ತಾ ಇದ್ದೇವೆ, ಕೈಯಲ್ಲಿ ಒಳ್ಳೆ ಗಾಡಿ ಉಂಟು, ಮಜಾ ಕೊಡೋ ತಿರುವಿನ ರಸ್ತೆ ಯಾವುದು ಹೇಳಿ" ಅಂತ ಮೆಸೇಜ್ ಮಾಡುವವರು ತುಂಬಾ ಜನ. ಕೆಲವರದ್ದು ಸ್ವಂತ ಕಾರು, ಕೆಲವರದ್ದು ಗೆಳೆಯನ ಕಾರು, ಕೆಲವರದ್ದು ಬಾಡಿಗೆಗೆ ತಂದದ್ದು. ಪ್ರಶ್ನೆ ಮಾತ್ರ ಒಂದೇ.

ಸುತ್ತಿ ಬಳಸಿ ಹೇಳುವುದಿಲ್ಲ. ನನ್ನ ಉತ್ತರ ಕಾರವಾರದಿಂದ ಮಲ್ಲಾಪುರ, ಕೈಗಾ ದಾಟಿ ಯಲ್ಲಾಪುರಕ್ಕೆ ಹತ್ತುವ ರಸ್ತೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ, ವಾರದ ನಡುವಿನ ದಿನ, ಬೆಳಕು ಪೂರ್ತಿ ಹರಿದ ಮೇಲೆ ಹೊರಡಿ. ಎಲ್ಲರೂ ಮೊದಲು ಹೆಸರು ಹೇಳುವ ಅರಬೈಲ್ ಘಟ್ಟವನ್ನು ನಾನು ಹೇಳುವುದಿಲ್ಲ. ಯಾಕೆ ಅನ್ನುವುದೇ ಇವತ್ತಿನ ಮಾತು.

ಮೊದಲು ಒಂದು ವಿಷಯ. ಈ ತಿರುವುಗಳು ಯಾಕೆ ಇವೆ? ಯಲ್ಲಾಪುರ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 540 ಮೀಟರ್ ಎತ್ತರದಲ್ಲಿದೆ. ಅಂಕೋಲಾ, ಕಾರವಾರ ಎರಡೂ ಸಮುದ್ರದ ಬುಡದಲ್ಲಿವೆ. ಗುಡ್ಡಗಾಡಿನ ರಸ್ತೆಗೆ ಎಂಜಿನಿಯರುಗಳು ಇಟ್ಟುಕೊಳ್ಳುವ ಸಾಮಾನ್ಯ ಲೆಕ್ಕ, 20 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ಆ ಲೆಕ್ಕದಲ್ಲಿ 540 ಮೀಟರ್ ಹತ್ತಬೇಕಾದರೆ ಏರುದಾರಿಯೇ ಹತ್ತು ಹನ್ನೊಂದು ಕಿಲೋಮೀಟರ್ ಬೇಕು. ಗುಡ್ಡದ ಮೈ ಅಷ್ಟು ಉದ್ದ ಇರುವುದಿಲ್ಲ. ಹಾಗಾಗಿ ರಸ್ತೆ ಹಾವಿನ ಹಾಗೆ ಮಡಚಿಕೊಳ್ಳುತ್ತದೆ. ಭಾರ ಹೊತ್ತ ಗಾಡಿ ಉಸಿರು ಕಟ್ಟದೆ ಹತ್ತಲಿ ಅಂತ ಮಾಡಿದ್ದು ಇದು.

ಭಾರ ಅಂದೆ. ಈ ಘಟ್ಟಗಳ ಕಥೆಯೇ ಭಾರದ ಕಥೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಕುಮಟಾ, ಕಾರವಾರ ಬಂದರಿಗೆ ಇಳಿಯುತ್ತಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ನಿಂತಾಗ ನಮ್ಮ ಹತ್ತಿಗೆ ಬೇಡಿಕೆ ಏರಿತು. ಅದೇ ಕಾಲದಲ್ಲಿ, 1862ರಲ್ಲಿ, ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಕಾರವಾರದ ಬಂದರು ಅದಕ್ಕೆ ಒಂದು ದೊಡ್ಡ ಕಾರಣ. ಎತ್ತಿನ ಗಾಡಿ ಹೋಗಿ ಲಾರಿ ಬಂತು. ಭಾರ ಹೋಗಲಿಲ್ಲ.

ಈಗ ಅರಬೈಲ್‌ಗೆ ಬರೋಣ. ಅಂಕೋಲಾದಿಂದ ಯಲ್ಲಾಪುರದ ಮೂಲಕ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಇದು. ಹಳಬರ ಬಾಯಲ್ಲಿ ಇನ್ನೂ 63, ಈಗಿನ ನಂಬರು 52. ಪಂಜಾಬಿನ ಸಂಗ್ರೂರಿನಿಂದ ಹೊರಡುವ ಈ ಹೆದ್ದಾರಿ ಬಂದು ಮುಗಿಯುವುದು ನಮ್ಮ ಅಂಕೋಲಾದಲ್ಲಿ. ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗದ ಮಾತು 1990ರ ದಶಕದಿಂದ ನಡೆದೇ ಇದೆ, ರೈಲು ಬಂದಿಲ್ಲ. ರೈಲು ಹೊರಬೇಕಾದ ಸರಕನ್ನೂ ಈ ಒಂದೇ ಘಟ್ಟ ಹೊರುತ್ತಾ ಇದೆ. ತಿರುವು ಚಂದ, ಕಾಡು ಚಂದ, ಎಲ್ಲ ಸರಿ. ಆದರೆ ಅಲ್ಲಿ ನಿಮ್ಮ ಮುಂದೆ ಯಾವಾಗಲೂ ಒಂದು ಲಾರಿ ಇರುತ್ತದೆ, ಎದುರಿಗೆ ಇನ್ನೊಂದು. ಸ್ಪೋರ್ಟ್ಸ್ ಕಾರಲ್ಲಿ ಕೂತು ಲಾರಿಯ ಹಿಂದೆ ಹತ್ತು ಕಿಲೋಮೀಟರ್ ಹೊಗೆ ಕುಡಿಯುವುದಕ್ಕೆ ಯಾರೂ ಬರುವುದಿಲ್ಲ. ಹಾಗಾಗಿ ಓವರ್‌ಟೇಕ್ ಮಾಡಲು ಮನಸ್ಸು ಎಳೆಯುತ್ತದೆ. ಅಪಾಯ ಶುರುವಾಗುವುದೇ ಅಲ್ಲಿ.

2025ರ ಜನವರಿ 22ರ ಬೆಳಗಿನ ಜಾವ ನೆನಪಿದೆಯಲ್ಲ? ಸವಣೂರಿನಿಂದ ಹಣ್ಣು, ತರಕಾರಿ ಹೇರಿಕೊಂಡು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಕಣಿವೆಗೆ ಬಿತ್ತು. ಹತ್ತು ಜನ ವ್ಯಾಪಾರಿಗಳು ತೀರಿಕೊಂಡರು. ಇನ್ನೊಂದು ವಾಹನಕ್ಕೆ ದಾರಿ ಕೊಡಲು ಲಾರಿಯನ್ನು ಎಡಕ್ಕೆ ತೆಗೆದಾಗ ಹೀಗಾಯಿತು ಅಂತ ಆಗ ಪೊಲೀಸರು ಹೇಳಿದ್ದರು. ಎಡಕ್ಕೆ ತೆಗೆಯುವುದು, ಅಷ್ಟೇ. ನಾವು ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಸಮತಟ್ಟಿನ ರಸ್ತೆಯಲ್ಲಿ ಹಾಗೆ ಮಾಡಿದರೆ ಚಕ್ರ ಮಣ್ಣಿಗೆ ಇಳಿಯುತ್ತದೆ. ಘಟ್ಟದಲ್ಲಿ ಆ ಮಣ್ಣಿನ ಆಚೆ ಏನೂ ಇರುವುದಿಲ್ಲ.

ಇದನ್ನು ಹೆದರಿಸಲಿಕ್ಕೆ ಹೇಳುತ್ತಾ ಇಲ್ಲ. ಕುಮಟಾದ ಸಂತೆಗೆ ಬರುವ ಟೊಮೆಟೊ, ಅಂಕೋಲಾದ ಮನೆಯ ಈರುಳ್ಳಿ, ಎಲ್ಲ ರಾತ್ರಿ ಈ ತಿರುವುಗಳನ್ನು ಇಳಿದೇ ಬರುವುದು. ಲಾರಿ ನಡೆಸುವವನಿಗೆ ನಿದ್ದೆ ಆಗಿರುವುದಿಲ್ಲ, ಮೇಲೆ ಕೂತವರಿಗೂ ಆಗಿರುವುದಿಲ್ಲ. ನಮಗೆ ಮಜಾ ಇರುವ ಜಾಗ ಅವರಿಗೆ ಹೊಟ್ಟೆಪಾಡು. ಅದಕ್ಕೇ ರಸ್ತೆ ಆರಿಸುವಾಗ ನಾನು ಕೇಳಿಕೊಳ್ಳುವ ಮೊದಲ ಪ್ರಶ್ನೆ, ಎಷ್ಟು ತಿರುವು ಉಂಟು ಅಂತ ಅಲ್ಲ. ಆ ಹೊತ್ತಿಗೆ ಆ ರಸ್ತೆಯಲ್ಲಿ ಇನ್ಯಾರು ಇರ್ತಾರೆ ಅಂತ.

ಆ ಪ್ರಶ್ನೆ ಹಿಡಿದುಕೊಂಡು ಬಾಕಿ ರಸ್ತೆ ನೋಡೋಣ. ಕಾರವಾರ-ಅಂಕೋಲಾ ನಡುವಿನ ಕರಾವಳಿ ಹೆದ್ದಾರಿ, ನಂಬರು 66. ಸುಮಾರು 35 ಕಿಲೋಮೀಟರ್. ಚತುಷ್ಪಥ ಆಗಿ, ಬಿಣಗಾದಲ್ಲಿ ಸುರಂಗ ಬಂದ ಮೇಲೆ ತಿರುವಿನ ಆಟ ಇಲ್ಲಿ ಮುಗಿದ ಹಾಗೇ. ಅಮದಳ್ಳಿ, ಅವರ್ಸಾದಂಥ ಊರುಗಳು ರಸ್ತೆಯ ಎರಡೂ ಬದಿಗೆ ಇವೆ, ಜನ ದಾಟುತ್ತಾ ಇರ್ತಾರೆ. ಬೇಸಿಗೆಯ ಕೊನೆಗೆ ಅಂಕೋಲಾದಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಕರಿ ಈಶಾಡು ಮಾವಿನಹಣ್ಣು ಇಟ್ಟುಕೊಂಡು ಕೂತಿರ್ತಾರೆ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣು ಅದು. ಅಲ್ಲಿ ನಿಲ್ಲಿಸಿ ಹಣ್ಣು ತಗೊಳ್ಳಿ. ಆ ರಸ್ತೆ ಇರುವುದು ಅದಕ್ಕೆ.

ಇನ್ನೊಂದು ರಸ್ತೆ ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ ಜೋಯಿಡಾಕ್ಕೆ ಹೋಗುತ್ತದೆ. ನೋಡಲಿಕ್ಕೆ ಇದಕ್ಕಿಂತ ಚಂದದ ರಸ್ತೆ ಈ ಕಡೆ ಇಲ್ಲ. ಆದರೆ ಅದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಯೋಜನೆ, 2015ರಲ್ಲಿ ಕಾಳಿ ಅಂತ ಹೆಸರು ಬಂತು. ಅಲ್ಲಿ ಆ ಹೊತ್ತಿಗೆ ಯಾರು ಇರ್ತಾರೆ? ಕಾಟಿ, ಕಡವೆ, ಮುಸಿಯ, ಒಮ್ಮೊಮ್ಮೆ ಕಾಳಿಂಗ ಸರ್ಪ ಕೂಡ. ಕಾಟಿ ಅಂದರೆ ಹತ್ತಿರ ಹತ್ತಿರ ಒಂದು ಟನ್ ತೂಗುವ ಪ್ರಾಣಿ, ಹಾರ್ನ್ ಮಾಡಿದರೆ ಸರಿಯುವ ದನ ಅಲ್ಲ. ಆ ರಸ್ತೆಗೆ ಕಿಟಕಿ ಇಳಿಸಿ, ಹಾಡು ಬಂದ್ ಮಾಡಿ, ನಿಧಾನ ಹೋಗಿ. ಎಂಜಿನ್ ಸದ್ದು ಕೇಳಿಸಬೇಕು ಅಂತ ಎಕ್ಸಾಸ್ಟ್ ಬದಲಿಸಿಕೊಂಡ ಕಾರು ತಗೊಂಡು ಹೋಗುವ ಜಾಗ ಅದಲ್ಲ ಮಾರಾಯ್ರೆ.

ಉಳಿದದ್ದು ಕೈಗಾ ರಸ್ತೆ. ಇಳಕಲ್‌ವರೆಗೆ ಹೋಗುವ ರಾಜ್ಯ ಹೆದ್ದಾರಿ 6ರ ಶುರುವಿನ ಭಾಗ. ಕಾಡು ಇಲ್ಲೂ ದಟ್ಟ, ಪ್ರಾಣಿ ಇಲ್ಲೂ ಅಡ್ಡ ಬರಬಹುದು, ಅದಕ್ಕೇ ಹಗಲಲ್ಲೇ ಹೋಗಬೇಕು. ಆದರೆ ಹುಬ್ಬಳ್ಳಿಯ ದೊಡ್ಡ ಲಾರಿಗಳ ದಾರಿ ಇದಲ್ಲ. ಮಲ್ಲಾಪುರದಲ್ಲಿ ಅಣುಸ್ಥಾವರದ ಟೌನ್‌ಶಿಪ್ ಇದೆ, ಪಾಳಿ ಬದಲಾಗುವ ಹೊತ್ತಿಗೆ ಬಸ್ಸುಗಳ ಸಾಲು ಇರುತ್ತದೆ, ಅದು ಕಳೆದ ಮೇಲೆ ಹೋಗಿ. ಸ್ಥಾವರದ ಹತ್ತಿರ ಕಾರು ನಿಲ್ಲಿಸಿ ರೀಲ್ಸ್, ಡ್ರೋನ್ ಅಂತೆಲ್ಲ ಮಾಡಬೇಡಿ, ಅದು ಭದ್ರತಾ ವಲಯ. ಅದನ್ನು ದಾಟಿದರೆ ಘಟ್ಟ. ರಸ್ತೆ ಅಗಲ ಇಲ್ಲ. ಅದೇ ಅದರ ಗುಣ. ಅಗಲ ಇಲ್ಲದ ರಸ್ತೆ ನಿಮ್ಮನ್ನು ತಾನಾಗಿ ನಿಧಾನ ಮಾಡಿಸುತ್ತದೆ.

"ನಿಧಾನ ಹೋಗಲಿಕ್ಕೆ ಸ್ಪೋರ್ಟ್ಸ್ ಕಾರು ಯಾಕೆ?" ಅಂತ ಕೇಳ್ತೀರಿ. ಸ್ವಲ್ಪ ಲೆಕ್ಕ ಮಾಡೋಣ. ಘಟ್ಟದ ಒಂದು ಬಿಗಿ ತಿರುವಿನ ತ್ರಿಜ್ಯ 30 ಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದನ್ನು ತಿರುಗಿದರೆ ನಿಮ್ಮ ತೂಕದ ಶೇಕಡಾ 40ರಷ್ಟು ಬಲ ನಿಮ್ಮನ್ನು ಪಕ್ಕಕ್ಕೆ ತಳ್ಳಿದ ಹಾಗೆ ಅನಿಸುತ್ತದೆ. ಪಕ್ಕದಲ್ಲಿ ಕೂತವರು ಹಿಡಿಕೆ ಹಿಡಿದುಕೊಳ್ಳುವಷ್ಟು. ಅದೇ ತಿರುವಿನಲ್ಲಿ 60ಕ್ಕೆ ಹೋದರೆ ಅದು ಶೇಕಡಾ 95ರ ಹತ್ತಿರ ಹೋಗುತ್ತದೆ. ಒಣ ರಸ್ತೆಯಲ್ಲೂ ಸಾಮಾನ್ಯ ಟೈರಿನ ಹಿಡಿತ ಮುಗಿಯುವುದು ಅಲ್ಲಿಯೇ. ಒಣ ಎಲೆ, ಮಣ್ಣು, ಒಂದು ಹನಿ ಎಣ್ಣೆ ಇದ್ದರೆ ಅದಕ್ಕೂ ಮೊದಲೇ. ಅಂದರೆ ಮಜಾಕ್ಕೂ ಕಣಿವೆಗೂ ನಡುವೆ ಬರೀ 20 ಕಿಲೋಮೀಟರ್ ವೇಗದ ಅಂತರ. ನಲವತ್ತರಲ್ಲೇ ಪೂರ್ತಿ ಮಜಾ ಸಿಗುವುದರಿಂದಲೇ ಘಟ್ಟ ಒಳ್ಳೆಯದು. ನೂರಾ ಐವತ್ತರಲ್ಲಿ ನೇರ ಹೋದರೆ ಸ್ಟೇರಿಂಗಿಗೆ ಕೆಲಸವೇ ಇರುವುದಿಲ್ಲ.

ಇನ್ನೊಂದು ಲೆಕ್ಕ, ಇದು ಹೆಚ್ಚು ಮುಖ್ಯ. 40ರಲ್ಲಿ ಹೋಗುವ ಕಾರು, ನೀವು ನೋಡಿ ಬ್ರೇಕ್ ಒತ್ತಲು ಒಂದು ಸೆಕೆಂಡ್ ತಗೊಂಡರೆ, ಒಣ ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರ್ ಬೇಕು. 80ರಲ್ಲಿ 57 ಮೀಟರ್. ತಿರುವಿನಲ್ಲಿ ನಿಮಗೆ ಎದುರು ಕಾಣುವುದು ಎಷ್ಟು? ಎಷ್ಟೋ ಕಡೆ 40 ಮೀಟರ್ ಕೂಡ ಇಲ್ಲ. ಕಿರಿದಾದ ರಸ್ತೆಯಲ್ಲಿ ಎದುರಿನವನಿಗೂ ನಿಲ್ಲಲು ಜಾಗ ಬೇಕು. ಹಾಗಾಗಿ ಕಾಣುವ ದೂರದ ಅರ್ಧದೊಳಗೆ ನಿಲ್ಲುವಂತಿರಬೇಕು. ಈ ಒಂದು ನಿಯಮ ಸಾಕು, ಸ್ಪೀಡೋಮೀಟರ್ ನೋಡುವುದೇ ಬೇಡ.

ಇನ್ನು ಕಾರಿನ ವಿಷಯ. ಸ್ಪೋರ್ಟ್ಸ್ ಕಾರಿನ ಹೊಟ್ಟೆ ನೆಲದಿಂದ ಹನ್ನೊಂದು, ಹನ್ನೆರಡು ಸೆಂಟಿಮೀಟರ್ ಎತ್ತರ ಅಷ್ಟೇ. ನಿಯಮದ ಪ್ರಕಾರ ಹಾಕಿದ ರೋಡ್ ಹಂಪ್ ಹತ್ತು ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮೂರಲ್ಲಿ ಎಲ್ಲವೂ ನಿಯಮದ ಹಂಪ್ ಅಲ್ಲ, ನಿಮಗೇ ಗೊತ್ತು. ಹಾಗಾಗಿ ಮೊದಲ ದಿನ ಸಾದಾ ಕಾರಲ್ಲೋ ಬೈಕಲ್ಲೋ ಒಮ್ಮೆ ಹೋಗಿ ನೋಡಿ ಬನ್ನಿ. ಎಲ್ಲಿ ಹೊಂಡ, ಎಲ್ಲಿ ಹಂಪ್, ಎಲ್ಲಿ ಶಾಲೆ ಅಂತ ಗುರುತು ಮಾಡಿಕೊಳ್ಳಿ. ಘಟ್ಟದ ಒಳಗೆ ನೆಟ್‌ವರ್ಕ್ ಕೈಕೊಡುತ್ತದೆ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಪೆಟ್ರೋಲ್ ಕಾರವಾರದಲ್ಲೇ ತುಂಬಿಸಿ. ಎಷ್ಟು ಹೊತ್ತಿಗೆ ವಾಪಸ್ ಬರ್ತೇವೆ ಅಂತ ಮನೆಯಲ್ಲಿ ಹೇಳಿ ಹೋಗಿ.

ಹೋದ ದಾರಿಯಲ್ಲೇ ವಾಪಸ್ ಬನ್ನಿ ಅಂತ ನನ್ನ ಸಲಹೆ. ಯಲ್ಲಾಪುರದಿಂದ ಅರಬೈಲ್ ಇಳಿದು ಅಂಕೋಲಾ ಮೇಲೆ ಕಾರವಾರಕ್ಕೆ ಬಂದರೆ ಒಟ್ಟು ಹೆಚ್ಚುಕಡಿಮೆ 200 ಕಿಲೋಮೀಟರಿನ ಸುತ್ತು ಆಗುತ್ತದೆ, ಕಾಗದದ ಮೇಲೆ ಚಂದ. ಆದರೆ ದಣಿದ ಮೇಲೆ ಲಾರಿಗಳ ನಡುವೆ ಇಳಿಯಬೇಕಾಗುತ್ತದೆ. ಹತ್ತಿದ ರಸ್ತೆಯನ್ನೇ ಇಳಿದರೆ ಅದು ಬೇರೆಯೇ ರಸ್ತೆ ಅನಿಸುತ್ತದೆ. ಹತ್ತುವಾಗ ಗುಡ್ಡ ನಿಮ್ಮ ಕಾರನ್ನು ತಡೆಯುತ್ತದೆ, ಇಳಿಯುವಾಗ ಎಳೆಯುತ್ತದೆ. ಇಳಿಯುವಾಗ ಚಿಕ್ಕ ಗೇರಲ್ಲಿ ಎಂಜಿನ್ ಮೇಲೆ ಬಿಡಿ, ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್ ಮಾಡಬೇಡಿ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಜಾಗ ಸಾಲದ ಕಡೆ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಅದು ಬರೀ ಮರ್ಯಾದೆ ಅಲ್ಲ, ಕಾನೂನು. ಹಾಗೇ ರಸ್ತೆಯಲ್ಲಿ ಗೆಳೆಯರ ಜೊತೆ ರೇಸ್ ಇಟ್ಟುಕೊಂಡರೆ ಮೊದಲ ಸಲ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಅದು.

ಕೊನೆಗೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಲಪಾತ ತುಂಬಿರುತ್ತದೆ, ಆಗಲೇ ಬರಬೇಕು ಅಂತ ತುಂಬಾ ಜನರಿಗೆ ಆಸೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ ಕುಸಿದು, ರಸ್ತೆ ಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಕೇರಳದ ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ಕುಸಿಯಿತು. ಅವರ್ಯಾರೂ ವೇಗವಾಗಿ ಹೋದವರಲ್ಲ. ಕೆಲವರು ಚಹಾ ಕುಡಿಯಲು ನಿಂತವರು. ಮಳೆಗಾಲದಲ್ಲಿ ಈ ಗುಡ್ಡಗಳ ಕೆಳಗೆ ಕೆಲಸ ಇದ್ದವರು ಹೋಗಲೇಬೇಕು, ಬೇರೆ ದಾರಿ ಇಲ್ಲ. ಬರೀ ಮಜಾಕ್ಕೆ ಹೋಗುವ ನಾವು ನಾಲ್ಕು ತಿಂಗಳು ಕಾಯಬಹುದು. ಕಾಡು ಎಲ್ಲಿಗೂ ಹೋಗುವುದಿಲ್ಲ.

ಹಾಗಾದರೆ ಒಳ್ಳೆ ರಸ್ತೆ ಅಂದರೆ ಏನು? ನಿಮ್ಮ ಮಜಾದ ಬೆಲೆಯನ್ನು ಬೇರೆಯವರು ಕೊಡಬೇಕಾಗಿ ಬರದ ರಸ್ತೆ. ಅಂಥದ್ದು ನಮ್ಮ ಕಡೆ ಉಂಟು, ಹೊತ್ತು ನೋಡಿ ಹೋದರೆ ಸಿಗುತ್ತದೆ. ಎದುರು ಬಂದ ಬಸ್ಸಿನ ಡ್ರೈವರಿಗೆ ದಾರಿ ಬಿಟ್ಟು, ಅವನು ಕೈ ಎತ್ತಿ ಹೋದರೆ, ಅವತ್ತು ನೀವು ಚೆನ್ನಾಗಿ ಓಡಿಸಿದ್ದೀರಿ ಅಂತ ತಿಳಿದುಕೊಳ್ಳಿ.

ನಿಮ್ಮ ಊರಿನ ಇಂಥ ರಸ್ತೆ ಯಾವುದು, ಯಾವ ಹೊತ್ತಿಗೆ ಖಾಲಿ ಇರುತ್ತದೆ, ನಮಗೆ ವಾಯ್ಸ್ ಮೆಸೇಜ್ ಕಳಿಸಿ. ಡ್ರೈವ್ ಮಾಡುತ್ತಾ ಅಲ್ಲ, ಗಾಡಿ ನಿಲ್ಲಿಸಿ ಕಳಿಸಿ. ಮುಂದಿನ ಕಂತಿನಲ್ಲಿ ಸಿಗೋಣ.