ಕೋಚ್ ಪಕ್ಕದ ಕುರ್ಚಿ



ತಲಕಾಡಿಗೆ ಬಂದವರು ಮರಳಿನಿಂದ ಮಾತು ಶುರು ಮಾಡುವುದು ವಾಡಿಕೆ. ನಾನು ಕುರುಬೂರಿನಿಂದ ಶುರು ಮಾಡುತ್ತೇನೆ. 2025ರ ಜನವರಿ 19ರಂದು ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್‌ನ ಫೈನಲ್ ನಡೆಯಿತು. ನಮ್ಮ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಪಂದ್ಯದ ಶ್ರೇಷ್ಠ ಆಟಗಾರ್ತಿ ಎನಿಸಿದ್ದು ಇದೇ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಊರಿನ ಶಾಲೆಯ ಅಂಗಳದಲ್ಲಿ, ನಿಮ್ಮಂಥ ದೈಹಿಕ ಶಿಕ್ಷಣ ಮೇಷ್ಟ್ರ ಕೈಯಲ್ಲಿ ಆಟ ಕಲಿತ ಹುಡುಗಿ. ಬಹುಮಾನವಾಗಿ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಕೊಡುತ್ತಿರುವಾಗ ಇದು ಬೇಡ ಎಂದು ಚೈತ್ರಾ ಮತ್ತು ಪುರುಷರ ತಂಡದಲ್ಲಿದ್ದ ಎಂ.ಕೆ. ಗೌತಮ್ ನಿರಾಕರಿಸಿದರು. ಸರಿಯಾಗಿಯೇ ನಿರಾಕರಿಸಿದರು. ಆದರೆ ಆ ಗದ್ದಲದಲ್ಲಿ ಆಟ ಕಲಿಸಿದವರ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಇವತ್ತಿನ ವಿಚಾರ ಸಂಕಿರಣ ಅವರ ಕುರಿತಾದದ್ದು. ಕೋಚ್ ಆಗುವುದು ಹೇಗೆ, ಅವರನ್ನು ಕೋಚ್ ಮಾಡುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರ ಹೋಗಬೇಕು. ಸರ್ಬಿಯಾದಲ್ಲಿ ಚಾಚಾಕ್ ಎಂಬ ಸಣ್ಣ ಪಟ್ಟಣವಿದೆ. ಜೆಲ್ಕೊ ಒಬ್ರದೋವಿಚ್ ಅಲ್ಲಿಯವರು. ಯುರೋಪಿನ ಕ್ಲಬ್ ಬ್ಯಾಸ್ಕೆಟ್‌ಬಾಲ್‌ನ ಅತಿ ದೊಡ್ಡ ಕಪ್ಪನ್ನು ಕೋಚ್ ಆಗಿ ಒಂಬತ್ತು ಸಲ ಗೆದ್ದವರು. ಅವರನ್ನು ಬಿಟ್ಟರೆ ಇನ್ಯಾರೂ ಅಷ್ಟು ಗೆದ್ದಿಲ್ಲ. 1991ರಲ್ಲಿ ಅವರಿಗೆ 31 ವರ್ಷ, ಇನ್ನೂ ಆಡುತ್ತಿದ್ದರು. ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಕ್ಲಬ್ ಕೋಚ್ ಹುದ್ದೆಗೆ ಕರೆದಾಗ ರಾಷ್ಟ್ರೀಯ ತಂಡದ ಶಿಬಿರ ಬಿಟ್ಟು ಹೋದರು. ನಿನ್ನೆಯವರೆಗೆ ಜೊತೆಗೆ ಆಡಿದ ಹುಡುಗರಿಗೆ ಇವತ್ತಿನಿಂದ ಕೋಚ್. ನಮ್ಮಲ್ಲಾದರೆ 'ಇವನೇನು ಹೇಳಿಕೊಡುತ್ತಾನೆ' ಎಂದು ಮೂಗು ಮುರಿಯುತ್ತಿದ್ದೆವು.

ಒಬ್ರದೋವಿಚ್ ಮಾಡಿದ ಜಾಣತನವೆಂದರೆ, ಅಲೆಕ್ಸಾಂಡರ್ ನಿಕೋಲಿಚ್ ಅವರನ್ನು ಸಲಹೆಗಾರರಾಗಿ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡದ್ದು. ನಿಕೋಲಿಚ್‌ಗೆ ಆಗ 67 ವರ್ಷ. ಇಟಲಿಯ ವರೇಸೆ ತಂಡಕ್ಕೆ ಮೂರು ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಹಿರಿಯ. ಆ ವರ್ಷ, ಸರ್ಬಿಯಾ ಸೇರಿದ್ದ ಯುಗೊಸ್ಲಾವಿಯಾದಲ್ಲಿ ಯುದ್ಧ. ಪಾರ್ಟಿಜಾನ್ ತನ್ನ 'ತವರಿನ' ಪಂದ್ಯಗಳನ್ನು ಮ್ಯಾಡ್ರಿಡ್ ಬಳಿಯ ಫುಯೆನ್ಲಾಬ್ರಾಡಾದಲ್ಲಿ ಆಡಬೇಕಾಯಿತು. ಆದರೂ 1992ರ ಏಪ್ರಿಲ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಕೊನೆಯ ಕ್ಷಣದ ಮೂರು ಪಾಯಿಂಟಿನ ಎಸೆತದಿಂದ ಸ್ಪೇನಿನ ಹುವೆಂತುತ್ ತಂಡವನ್ನು 71–70ರಿಂದ ಸೋಲಿಸಿ ಕಪ್ ಎತ್ತಿತು. ಇನ್ನೊಂದು ತಮಾಷೆ ನೋಡಿ: ಎರಡೇ ವರ್ಷದಲ್ಲಿ ಸೋತ ಆ ಹುವೆಂತುತ್ ತಂಡಕ್ಕೇ ಒಬ್ರದೋವಿಚ್ ಕೋಚ್ ಆಗಿ ಹೋಗಿ ಅದಕ್ಕೂ ಕಪ್ ಗೆಲ್ಲಿಸಿಕೊಟ್ಟರು! ಆಮೇಲೆ ರಿಯಲ್ ಮ್ಯಾಡ್ರಿಡ್, ಅಥೆನ್ಸ್‌ನ ಪನಾಥಿನೈಕೋಸ್‌ನಲ್ಲಿ ಐದು ಸಲ, 2017ರಲ್ಲಿ ಇಸ್ತಾಂಬುಲ್‌ನ ಫೆನರ್‌ಬಾಚೆ. ಊರು, ಭಾಷೆ, ಆಟಗಾರರು ಎಲ್ಲ ಬದಲಾದರೂ ಕಸುಬು ಅವರ ಜೊತೆಗೇ ಹೋಯಿತು.

ಆ ನಿಕೋಲಿಚ್ ಎಲ್ಲಿಂದ ಬಂದರು? 1950ರಲ್ಲಿ ಅರ್ಜೆಂಟೀನಾದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಯುಗೊಸ್ಲಾವಿಯಾ ಹತ್ತು ತಂಡಗಳಲ್ಲಿ ಹತ್ತನೆಯದು. ಆ ತಂಡದಲ್ಲಿ ನಿಕೋಲಿಚ್ ಇದ್ದರು, ಬೊರಿಸ್ಲಾವ್ ಸ್ಟಾಂಕೊವಿಚ್ ಇದ್ದರು. ಸ್ಟಾಂಕೊವಿಚ್ ಓದಿದ್ದು ಪಶುವೈದ್ಯಕೀಯ; ಕೋಚ್ ಆಗಿ ಇಟಲಿಯ ಕಾಂತು ತಂಡಕ್ಕೆ 1968ರಲ್ಲಿ ಲೀಗ್ ಗೆಲ್ಲಿಸಿ, 1976ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟದ ಪ್ರಧಾನ ಕಾರ್ಯದರ್ಶಿಯಾದರು. ಹತ್ತನೆಯ ಸ್ಥಾನದಲ್ಲಿ ನಿಂತ ಆ ಗುಂಪು ಕಲಿಸುವವರ ಒಂದು ಸಾಲನ್ನೇ ಕಟ್ಟಿತು. 1970ರಲ್ಲಿ ಯುಗೊಸ್ಲಾವಿಯಾ ವಿಶ್ವ ಚಾಂಪಿಯನ್ ಆಯಿತು. ಅದಕ್ಕೆ ಇಪ್ಪತ್ತು ವರ್ಷ ಹಿಡಿಯಿತು ಎಂಬುದನ್ನು, ಮೂರು ತಿಂಗಳಲ್ಲಿ ಪದಕ ಕೇಳುವ ನಮ್ಮ ಅಧಿಕಾರಿಗಳು ದಯವಿಟ್ಟು ಗಮನಿಸಬೇಕು.

ಕೋಚ್ ವೃತ್ತಿಯ ಇಂಥ ಓಡಾಟ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಕರ್ನಾಟಕದ ಕಬಡ್ಡಿಪಟು ಬಿ.ಸಿ. ರಮೇಶ್ ಆಡುವಾಗ ಅರ್ಜುನ ಪ್ರಶಸ್ತಿ ಪಡೆದವರು. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಪ್ ತಂದುಕೊಟ್ಟು, 2025ರಲ್ಲಿ ಬೆಂಗಳೂರು ಬುಲ್ಸ್‌ನ ಚುಕ್ಕಾಣಿ ಹಿಡಿದರು. ಒಂದು ಲೀಗ್ ಹುಟ್ಟಿದ್ದರಿಂದ ಇದು ಸಾಧ್ಯವಾಯಿತು. ಲೀಗ್ ಬಂದರೆ ಸಂಬಳ ಬರುತ್ತದೆ, ಸಂಬಳ ಬಂದರೆ ಕೋಚ್ ವೃತ್ತಿಯಾಗುತ್ತದೆ. ಇದನ್ನು ಅಲ್ಲಗಳೆಯುವುದು ಬೂಟಾಟಿಕೆ.

ಆದರೆ ಲೀಗ್ ನಮ್ಮ ಕೈಯಲ್ಲಿಲ್ಲ. ಪಕ್ಕದ ಕುರ್ಚಿ ನಮ್ಮ ಕೈಯಲ್ಲಿದೆ. ಪಿ.ಟಿ. ಮೇಷ್ಟ್ರ ದಿನ ಪ್ರಾರ್ಥನೆಯ ಸಾಲು ನಿಲ್ಲಿಸುವುದರಿಂದ ಶುರುವಾಗಿ, ಗಣತಿ, ಚುನಾವಣೆ ಕೆಲಸ, ಆಗಸ್ಟ್ 15ರ ಕವಾಯತಿನಲ್ಲಿ ಸವೆದುಹೋಗುತ್ತದೆ ಎಂಬುದು ಗೊತ್ತು. ಉಳಿದ ಸಂಜೆಯಲ್ಲಿ ನೀವು ಮಕ್ಕಳಿಗೆ ಖೋ ಖೋದ ಚೈನ್ ಓಟ, ಪೋಲ್ ಡೈವ್ ಕಲಿಸುತ್ತೀರಿ. ಹದಿಮೂರರ ಹುಡುಗಿಗೆ ಡೈವ್ ಯಾವಾಗ ಕಲಿಸಬೇಕು, ಮಂಡಿ ನೋವೆಂದರೆ ಎಷ್ಟು ದಿನ ಕೂರಿಸಬೇಕು, ಮೈನೆರೆದ ಮೇಲೆ ಮೈದಾನಕ್ಕೆ ಕಳಿಸದ ಮನೆಯವರ ಜೊತೆ ಹೇಗೆ ಮಾತಾಡಬೇಕು ಎಂಬುದೆಲ್ಲ ನಿಮ್ಮ ತಲೆಯಲ್ಲಿದೆ. ಇದು ಯಾವ ಡಿಪ್ಲೊಮಾದ ಪಠ್ಯದಲ್ಲೂ ಪೂರ್ತಿ ಸಿಗುವುದಿಲ್ಲ. ನೀವು ನಿವೃತ್ತರಾದ ದಿನ ಅದೂ ಮನೆಗೆ ಹೋಗುತ್ತದೆ. ಆಮೇಲೆ ಬಂದವರು ಮತ್ತೆ ಮೊದಲಿನಿಂದ ತಡಕಾಡುತ್ತಾರೆ.

ಆದ್ದರಿಂದ ಸಂಘಟಕರಲ್ಲಿ ನನ್ನ ಕೋರಿಕೆ ಇಷ್ಟು. ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರಬಂಧ ಓದುವುದನ್ನು ಕಡಿಮೆ ಮಾಡಿ. ಹಿರಿಯ ಮೇಷ್ಟ್ರುಗಳನ್ನು ಮೈದಾನಕ್ಕಿಳಿಸಿ, ಕಿರಿಯರು ನೋಡಿ ಬರೆದುಕೊಳ್ಳಲಿ. ಮುಂದಿನ ದಸರಾ ಕ್ರೀಡಾಕೂಟಕ್ಕೆ ತಂಡ ಕರೆದೊಯ್ಯುವಾಗ, ಹಿರಿಯರೇ, ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಬಸ್ ಚಾರ್ಜನ್ನು ಇಲಾಖೆ ಕೊಡಲಿ.