ಕ್ಷಯರೋಗಿ ಮನೆಗೆ ಮರಳಿದ ಕಥೆ

ಮೈಸೂರಿನಲ್ಲಿ ಕೆ.ಆರ್.ಎಸ್. ರಸ್ತೆಯ ಮೇಲೆ ಕ್ಷಯರೋಗಿಗಳ ಹಳೆಯ ಆಸ್ಪತ್ರೆಯೊಂದಿದೆ. ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಕ್ಷಯರೋಗ ಸ್ಯಾನಟೋರಿಯಂ ಎಂದು ಅದರ ಹೆಸರು. ಕೃಷ್ಣಾಜಮ್ಮಣ್ಣಿಯವರು ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ. ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಕ್ಷಯ ಬಲಿ ತೆಗೆದುಕೊಂಡಿತು. ಅರಮನೆಯಲ್ಲಿ ವೈದ್ಯರಿಗೆ ಕೊರತೆ ಇರಲಿಲ್ಲ, ಹಾಲು ಹಣ್ಣಿಗೂ ಕೊರತೆ ಇರಲಿಲ್ಲ. ಈ ರೋಗವನ್ನು ಗೆಲ್ಲುವ ಔಷಧಿ ಮಾತ್ರ ಆಗ ಜಗತ್ತಿನ ಯಾವ ಅರಮನೆಗೂ ಸಿಗುವಂತಿರಲಿಲ್ಲ. ಹಾಗಾಗಿ ಅರಮನೆಯವರು ಔಷಧಿಯ ಬದಲು ಜಾಗ ಕೊಟ್ಟರು: ಊರಿನ ಗದ್ದಲದಿಂದ ದೂರ, ಮರಗಿಡಗಳ ನಡುವೆ, ಗಾಳಿ ಬೆಳಕು ಧಾರಾಳವಾಗಿ ಬರುವ ಕಟ್ಟಡ.

ಕ್ಷಯರೋಗಿಯನ್ನು ಎಲ್ಲಿ ಇಡಬೇಕು? ಸುಮಾರು ನೂರು ವರ್ಷ ವೈದ್ಯಲೋಕವನ್ನು ಕಾಡಿದ ಪ್ರಶ್ನೆ ಇದು. ಇದಕ್ಕೆ ನಂಬಲರ್ಹ ಉತ್ತರ ಸಿಕ್ಕಿದ್ದು ಯುರೋಪಿನ ಬೆಟ್ಟಗಳಲ್ಲಿ ಅಲ್ಲ, ನಮ್ಮ ನೆರೆಯ ಮದರಾಸಿನ ಬಡವರ ಮನೆಗಳಲ್ಲಿ. ಆ ಕಥೆಯನ್ನೇ ಇವತ್ತು ಹೇಳಬೇಕೆಂದಿದ್ದೇನೆ.

ರೋಗವಂತೂ ಪುರಾತನ. ಚರಕ ಸಂಹಿತೆ ಇದನ್ನು ರಾಜಯಕ್ಷ್ಮ ಎಂದು ಕರೆದು ಕೆಮ್ಮು, ಜ್ವರ, ರಕ್ತ ಬೀಳುವುದು, ಮೈ ಸೊರಗುವುದು, ಎಲ್ಲವನ್ನೂ ವರ್ಣಿಸಿದೆ. ಆದರೆ ಒಬ್ಬರಿಂದ ಒಬ್ಬರಿಗೆ ಹೇಗೆ ಬರುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಾದದ ವಿಷಯವಾಗಿಯೇ ಉಳಿಯಿತು. ವಂಶದಲ್ಲೇ ಇದೆ ಎಂದು ಅನೇಕರು ನಂಬಿದ್ದರು. ಒಂದೇ ಮನೆಯಲ್ಲಿ ಅಣ್ಣ, ತಂಗಿ, ತಾಯಿ ಸಾಲಾಗಿ ಸಾಯುವುದನ್ನು ಕಂಡವರಿಗೆ ಬೇರೇನು ತೋಚೀತು? 1865ರಲ್ಲಿ ಫ್ರಾನ್ಸಿನ ಸೇನಾ ವೈದ್ಯ ವಿಲ್ಮೆ, ರೋಗಿಯ ದೇಹದಿಂದ ತೆಗೆದ ಅಂಶವನ್ನು ಮೊಲಗಳಿಗೆ ಚುಚ್ಚಿ ಅವುಗಳಿಗೂ ಕ್ಷಯ ಬರುವುದನ್ನು ತೋರಿಸಿದ. ಆ ಮಾತನ್ನು ಒಪ್ಪಿದವರು ಕಡಿಮೆ. 1882ರ ಮಾರ್ಚ್ 24ರ ಸಂಜೆ ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಆ ರೋಗಾಣುವನ್ನೇ ಸೂಕ್ಷ್ಮದರ್ಶಕದಡಿ ತೋರಿಸಿದ ಮೇಲೆ ವಾದ ಮುಗಿಯಿತು. ಮಾರ್ಚ್ 24ನ್ನು ವಿಶ್ವ ಕ್ಷಯರೋಗ ದಿನವೆಂದು ಆಚರಿಸುವುದು ಅದಕ್ಕೇ.

ಸ್ಯಾನಟೋರಿಯಂಗಳು ಅದಕ್ಕಿಂತ ಮೊದಲೇ ಹುಟ್ಟಿದ್ದವು. ಹರ್ಮನ್ ಬ್ರೆಮರ್ ಎಂಬ ಜರ್ಮನ್ ವೈದ್ಯ 1850ರ ದಶಕದಲ್ಲಿ ಸೈಲೀಸಿಯಾದ ಬೆಟ್ಟಗಳ ನಡುವೆ ಮೊದಲನೆಯದನ್ನು ಆರಂಭಿಸಿದ. ಶುದ್ಧ ಗಾಳಿ, ಪುಷ್ಟಿಯಾದ ಊಟ, ವಿಶ್ರಾಂತಿ, ವೈದ್ಯರ ಕಣ್ಗಾವಲು, ಇಷ್ಟೇ ಚಿಕಿತ್ಸೆ. ಆ ಮಾದರಿ ಜಗತ್ತಿನೆಲ್ಲೆಡೆ ಹರಡಿತು. ನಮ್ಮ ಕೋಲಾರದ ಗಡಿಯಾಚೆ ಮದನಪಲ್ಲಿಯ ಹತ್ತಿರ 1915ರಲ್ಲಿ ಆರೋಗ್ಯವರಂ ಸ್ಯಾನಟೋರಿಯಂ ಬಾಗಿಲು ತೆರೆಯಿತು. ರೋಗಿಗಳು ವರಾಂಡದ ಮಂಚಗಳ ಮೇಲೆ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಮಲಗಿರುತ್ತಿದ್ದರು. ಕೆಟ್ಟ ಶ್ವಾಸಕೋಶಕ್ಕೆ ವಿಶ್ರಾಂತಿ ಕೊಡಲೆಂದು ಎದೆಗೂಡಿನೊಳಕ್ಕೆ ಸೂಜಿಯಿಂದ ಗಾಳಿ ತುಂಬಿ ಅದನ್ನು ಮುದುಡಿಸುತ್ತಿದ್ದರು. ಅದೂ ಸಾಲದಾದಾಗ ಪಕ್ಕೆಲುಬುಗಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಇದೆಲ್ಲ ಕ್ರೌರ್ಯವೆಂದು ಈಗ ಅನಿಸಬಹುದು. ಕೈಯಲ್ಲಿ ಬೇರೇನೂ ಇಲ್ಲದ ವೈದ್ಯರು ಶ್ರದ್ಧೆಯಿಂದ ಮಾಡಿದ್ದು ಅದು.

ಇನ್ನು ಹರಡುವಿಕೆಯ ವಿಷಯ. ರೋಗಾಣು ಗೊತ್ತಾದ ಮೇಲೆ ಎಲ್ಲರ ಕಣ್ಣು ಕಫದ ಮೇಲೆ ಬಿತ್ತು. ಉಗುಳಬಾರದು ಎಂಬ ಫಲಕಗಳು ಬಂದವು, ರೋಗಿಯ ತಟ್ಟೆ ಲೋಟ ಬೇರೆಯಾದವು, ಬಟ್ಟೆಬರೆ ಬೆಂಕಿಗೆ ಹೋದವು. ತಟ್ಟೆ ಲೋಟವನ್ನು ಬೇರೆ ಇಡುವುದು ನಮ್ಮ ಮನೆಗಳಲ್ಲಿ ಇಂದಿಗೂ ನಿಂತಿಲ್ಲ. ಆದರೆ ಕ್ಷಯ ತಟ್ಟೆಯಿಂದ ಬರುವುದಿಲ್ಲ, ಗಾಳಿಯಿಂದ ಬರುತ್ತದೆ. ಅಮೆರಿಕದ ವಿಲಿಯಂ ವೆಲ್ಸ್ 1930ರ ದಶಕದಲ್ಲಿ ಇದರ ಲೆಕ್ಕ ಹಾಕಿದ. ಕೆಮ್ಮಿದಾಗ ಹಾರುವ ದೊಡ್ಡ ಹನಿ ನೆಲಕ್ಕೆ ಬೀಳುತ್ತದೆ. ಸಣ್ಣ ಹನಿ ಬೀಳುವ ಮೊದಲೇ ಒಣಗಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲಿನಷ್ಟು ಗಾತ್ರದ ಕಣವಾಗಿ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಇಳಿಯಬಲ್ಲದ್ದು ಅಂಥ ಕಣ ಮಾತ್ರ.

ಇದನ್ನು ಸಾಬೀತು ಮಾಡಿದ ಪ್ರಯೋಗ ನನಗೆ ತುಂಬ ಇಷ್ಟವಾದದ್ದು. 1950ರ ದಶಕದ ಕೊನೆಯಲ್ಲಿ ಬಾಲ್ಟಿಮೋರಿನ ಒಂದು ಆಸ್ಪತ್ರೆಯಲ್ಲಿ ವೆಲ್ಸ್ ಮತ್ತು ಅವನ ಶಿಷ್ಯ ರಿಚರ್ಡ್ ರೈಲಿ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನೆಲ್ಲ ಕೊಳವೆಯ ಮೂಲಕ ಮೇಲಕ್ಕೆ ಸಾಗಿಸಿ, ಅಲ್ಲಿ ನೂರಕ್ಕೂ ಹೆಚ್ಚು ಗಿನಿಪಿಗ್‌ಗಳಿದ್ದ ಕೋಣೆಗೆ ಬಿಟ್ಟರು. ರೋಗಿಗಳಿಗೂ ಆ ಪ್ರಾಣಿಗಳಿಗೂ ನಡುವೆ ಗಾಳಿಯೊಂದನ್ನು ಬಿಟ್ಟರೆ ಬೇರೆ ಸಂಪರ್ಕವೇ ಇಲ್ಲ. ತಿಂಗಳು ತಿಂಗಳೂ ಕೆಲವು ಗಿನಿಪಿಗ್‌ಗಳಿಗೆ ಸೋಂಕು ತಗುಲುತ್ತ ಹೋಯಿತು. ಅದೇ ಗಾಳಿಯನ್ನು ಅತಿನೇರಳೆ ಬೆಳಕು ಹಾಯಿಸಿ ಕಳಿಸಿದಾಗ ಆ ಕೋಣೆಯ ಪ್ರಾಣಿಗಳಿಗೆ ಸೋಂಕು ತಗುಲಲಿಲ್ಲ. ಅಲ್ಲಿ ಇನ್ನೊಂದು ಸಂಗತಿಯೂ ಕಂಡಿತು: ಸರಿಯಾದ ಔಷಧಿ ಶುರುವಾದ ರೋಗಿಗಳಿಂದ ಸೋಂಕು ಹರಡಿದ್ದು ತೀರಾ ಕಡಿಮೆ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಸೋಂಕು ತಗುಲಿದವರೆಲ್ಲ ಕ್ಷಯರೋಗಿಗಳಾಗುವುದಿಲ್ಲ. ಗಾಳಿಚೀಲದಲ್ಲಿ ಕಾವಲು ಕಾಯುವ ಬಿಳಿಯ ರಕ್ತಕಣಗಳು ರೋಗಾಣುವನ್ನು ನುಂಗುತ್ತವೆ. ಅದನ್ನು ಕೊಲ್ಲಲಾಗದಿದ್ದರೆ ಸುತ್ತ ಗೋಡೆ ಕಟ್ಟಿ ಸೆರೆಯಿಡುತ್ತವೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಆ ಗೋಡೆ ಬದುಕಿಡೀ ಬಿರಿಯುವುದಿಲ್ಲ. ಎಚ್‌ಐವಿ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು ಮತ್ತು ಗಣಿಯ ಕಲ್ಲುಧೂಳು ಅದನ್ನು ದುರ್ಬಲಗೊಳಿಸುತ್ತವೆ. ಎಲ್ಲಕ್ಕಿಂತ ವ್ಯಾಪಕವಾಗಿ ನಮ್ಮ ದೇಶದಲ್ಲಿ ಅದನ್ನು ಬಿರಿಯುವಂತೆ ಮಾಡುವುದು ಹಸಿವು.

ಔಷಧಿಯ ಕಾಲ ಶುರುವಾದದ್ದು 1943ರಲ್ಲಿ. ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದ ಯುವಕ ಆಲ್ಬರ್ಟ್ ಷಾಟ್ಸ್ ಮಣ್ಣಿನ ಜೀವಾಣುವೊಂದರಿಂದ ಸ್ಟ್ರೆಪ್ಟೊಮೈಸಿನ್ ಪಡೆದ. ಸಾಯುತ್ತಿದ್ದವರು ಎದ್ದು ಕುಳಿತರು. ಆದರೆ ಕೆಲವೇ ತಿಂಗಳಲ್ಲಿ ರೋಗಾಣು ಅದಕ್ಕೆ ಒಗ್ಗಿಕೊಂಡು, ಎಷ್ಟೋ ಜನ ಮತ್ತೆ ಹಾಸಿಗೆ ಹಿಡಿದರು. ಒಂದೇ ಔಷಧಿ ಕೊಡಬಾರದು, ಎರಡು ಮೂರನ್ನು ಒಟ್ಟಿಗೆ ಕೊಡಬೇಕೆಂಬ ಪಾಠ ಹೀಗೆ ಬಂತು. ಪ್ಯಾಸ್ ಎಂಬ ಔಷಧಿ ಬಂತು, 1952ರಲ್ಲಿ ಅಗ್ಗದ ಐಸೊನಿಯಜಿಡ್ ಮಾತ್ರೆ ಬಂತು.

ಆಗ ಭಾರತದ ಎದುರು ನಿಂತ ಸಂಕಟವನ್ನು ಊಹಿಸಿಕೊಳ್ಳಿ. 1955ರಿಂದ 58ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕ್ಷಯ ಪಟ್ಟಣದಷ್ಟೇ ಹಳ್ಳಿಯಲ್ಲೂ ಇತ್ತು. ಸೋಂಕು ಹರಡಬಲ್ಲ ರೋಗಿಗಳು ಹತ್ತು ಲಕ್ಷಕ್ಕೂ ಮೇಲೆ. ಸ್ಯಾನಟೋರಿಯಂ ಹಾಸಿಗೆಗಳ ಎಣಿಕೆ ಸಾವಿರಗಳಲ್ಲಿ. ಎಷ್ಟು ಕಟ್ಟಡ ಕಟ್ಟಿದರೂ ಎಟುಕುವ ಮಾತಲ್ಲ. ರೋಗಿಗೆ ಮಾತ್ರೆ ಕೊಟ್ಟು ಮನೆಯಲ್ಲೇ ಇರಿಸಬಹುದೇ? ಒಂದೇ ಕೋಣೆಯ ಗುಡಿಸಲಿನಲ್ಲಿ ಹೆಂಡತಿ ಮಕ್ಕಳ ಪಕ್ಕ ಮಲಗುವವನಿಂದ ಅವರಿಗೂ ಬಂದರೆ?

1956ರಲ್ಲಿ ಮದರಾಸಿನ ಚೇತ್‌ಪೇಟೆಯಲ್ಲಿ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ ತೆರೆಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಕೈಜೋಡಿಸಿದ್ದವು. ಮುಂದಾಳು ವಾಲೆಸ್ ಫಾಕ್ಸ್. ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿದರು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಒಂದು ಗುಂಪು ಸ್ಯಾನಟೋರಿಯಂಗೆ ಹೋಯಿತು: ಒಳ್ಳೆಯ ಊಟ, ವಿಶ್ರಾಂತಿ, ದಾದಿಯರ ಆರೈಕೆ. ಇನ್ನೊಂದು ಗುಂಪು ಇಕ್ಕಟ್ಟಿನ ಮನೆಯಲ್ಲೇ ಉಳಿಯಿತು, ಅರೆಹೊಟ್ಟೆಯಲ್ಲಿ. ಎರಡೂ ಗುಂಪಿಗೆ ಕೊಟ್ಟದ್ದು ಒಂದೇ ಔಷಧಿ, ಒಂದು ವರ್ಷ. ಆರೋಗ್ಯ ಕಾರ್ಯಕರ್ತರು ಹೇಳದೆ ಮನೆಗೆ ಹೋಗಿ ಉಳಿದ ಮಾತ್ರೆ ಎಣಿಸುತ್ತಿದ್ದರು, ಮೂತ್ರ ಪರೀಕ್ಷೆ ಮಾಡಿ ಔಷಧಿ ಹೊಟ್ಟೆಗೆ ಹೋಗಿದೆಯೇ ಎಂದು ನೋಡುತ್ತಿದ್ದರು.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲಿದ್ದವರು ಸ್ಯಾನಟೋರಿಯಂನವರಷ್ಟೇ, ಹೆಚ್ಚುಕಡಿಮೆ ಸಮಸಮವಾಗಿ, ಗುಣವಾಗಿದ್ದರು. ಮುಂದೆ ಅವರ ಕುಟುಂಬಗಳನ್ನು ವರ್ಷಗಟ್ಟಲೆ ಗಮನಿಸಿದಾಗ, ಮನೆಯಲ್ಲೇ ಚಿಕಿತ್ಸೆ ಪಡೆದ ರೋಗಿಯ ಮನೆಮಂದಿಗೆ ಕ್ಷಯ ಹೆಚ್ಚೇನೂ ಬಂದಿರಲಿಲ್ಲ. ಅವರಿಗೆ ತಗುಲುವುದಿದ್ದರೆ ರೋಗ ಪತ್ತೆಯಾಗುವ ಮೊದಲೇ ತಗುಲಿರುತ್ತಿತ್ತು. ಮಾತ್ರೆ ಶುರುವಾದ ಮೇಲೆ ರೋಗಿಯ ಕೆಮ್ಮಿಗೆ ಆ ಶಕ್ತಿ ಉಳಿಯುತ್ತಿರಲಿಲ್ಲ. ಬಾಲ್ಟಿಮೋರಿನ ಗಿನಿಪಿಗ್‌ಗಳು ಹೇಳಿದ್ದೂ ಇದನ್ನೇ. ಜಗತ್ತಿನ ಸ್ಯಾನಟೋರಿಯಂಗಳು ಒಂದೊಂದಾಗಿ ಮುಚ್ಚಲು ಈ ಅಧ್ಯಯನವೂ ಒಂದು ದೊಡ್ಡ ಕಾರಣ.

ಕಥೆಯ ಮುಂದಿನ ಅಧ್ಯಾಯ ನಮ್ಮದೇ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಮರುವರ್ಷ ನೆಹರೂ ಅದನ್ನು ಉದ್ಘಾಟಿಸಿದರು. ಹಳ್ಳಿಯ ಜನ ಅಜ್ಞಾನಿಗಳು, ಕೆಮ್ಮಿದರೂ ವೈದ್ಯರ ಹತ್ತಿರ ಹೋಗುವುದಿಲ್ಲ ಎಂಬ ನಂಬಿಕೆ ಆಗ ದೆಹಲಿಯಿಂದ ಜಿನೀವಾವರೆಗೂ ಇತ್ತು. ಸಂಸ್ಥೆಯ ಸಮಾಜವಿಜ್ಞಾನಿ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಕೇಳಿದರು. 1963ರಲ್ಲಿ ಪ್ರಕಟವಾದ ಉತ್ತರ ಆ ನಂಬಿಕೆಯನ್ನು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಬಗ್ಗೆ ಚಿಂತೆ ಇತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅವರನ್ನು ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಲಾಗಿತ್ತು. ಕುರುಡುತನ ರೋಗಿಯದ್ದಾಗಿರಲಿಲ್ಲ, ವ್ಯವಸ್ಥೆಯದ್ದಾಗಿತ್ತು. ನಮ್ಮ ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಇಷ್ಟು ಗೌರವದಿಂದ ಬಡವರ ಮಾತು ಕೇಳಿಸಿಕೊಂಡ ಅಧ್ಯಯನಗಳು ಹೆಚ್ಚಿಲ್ಲ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಲೇಬೇಕೆಂಬ ಇಂದಿನ ನಿಯಮದ ಬೇರು ಅಲ್ಲಿದೆ.

ಅದೇ ಸಂಸ್ಥೆ 1961ರಿಂದ 68ರವರೆಗೆ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಮೀಕ್ಷೆ ಇನ್ನೊಂದು ಸತ್ಯವನ್ನು ದಾಖಲಿಸಿತು. ಕಫದಲ್ಲಿ ರೋಗಾಣು ಇದ್ದವರಲ್ಲಿ ಐದು ವರ್ಷದೊಳಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು, ಮೂರರಲ್ಲಿ ಒಂದು ಪಾಲು ತಾವಾಗಿ ಗುಣವಾಗಿದ್ದರು, ಉಳಿದವರು ರೋಗ ಹೊತ್ತುಕೊಂಡೇ ಬದುಕಿದ್ದರು. ಚಿಕಿತ್ಸೆ ಮುಟ್ಟದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇಂದಿಗೂ ಜಗತ್ತು ಉಲ್ಲೇಖಿಸುವ ಅಂಕಿ ಇದು. ಅದರ ಹಿಂದೆ ನಮ್ಮ ಸುತ್ತಲಿನ ಹಳ್ಳಿಗಳ ಜೀವಗಳಿವೆ.

ಲಸಿಕೆಯ ಬಗ್ಗೆ ಎರಡು ಮಾತು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಹದಿಮೂರು ವರ್ಷ ದುಡಿದು ರೂಪಿಸಿದ ಬಿಸಿಜಿ 1921ರಲ್ಲಿ ಮೊದಲು ಮಗುವೊಂದಕ್ಕೆ ಸಿಕ್ಕಿತು. ಪುಟ್ಟ ಮಕ್ಕಳನ್ನು ಮಿದುಳಿನ ಕ್ಷಯದಿಂದ ಅದು ಕಾಪಾಡುತ್ತದೆ, ಹಾಗಾಗಿ ತಪ್ಪಿಸಬಾರದು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯುವುದಿಲ್ಲ ಎಂಬುದು 1968ರಲ್ಲಿ ಚೆಂಗಲ್‌ಪಟ್ಟಿನಲ್ಲಿ ಆರಂಭವಾದ ದೀರ್ಘ ಅಧ್ಯಯನದಿಂದ ತಿಳಿಯಿತು.

ಮದರಾಸಿನ ಗೆಲುವಿಗೆ ಒಂದು ನೆರಳೂ ಇದೆ. ಅರೆಹೊಟ್ಟೆಯ ರೋಗಿಯೂ ಗುಣವಾದನಲ್ಲ, ಹಾಗಿದ್ದರೆ ಊಟ ಮುಖ್ಯವಲ್ಲ, ಮಾತ್ರೆ ಸಾಕು ಎಂಬ ತೀರ್ಮಾನಕ್ಕೆ ಆಡಳಿತಗಳು ಬಂದುಬಿಟ್ಟವು. ರಿಫಾಂಪಿಸಿನ್ ಬಂದು ಚಿಕಿತ್ಸೆ ಆರು ತಿಂಗಳಿಗೆ ಇಳಿದಾಗಲೂ, 1990ರ ದಶಕದಲ್ಲಿ ಕಣ್ಣೆದುರೇ ಮಾತ್ರೆ ನುಂಗಿಸುವ ಡಾಟ್ಸ್ ಬಂದಾಗಲೂ ಊಟದ ಮಾತು ಹಿಂದೆಯೇ ಉಳಿಯಿತು. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ. ಮದರಾಸಿನವರು ಕೇಳಿದ್ದು ರೋಗಿ ಗುಣವಾಗುತ್ತಾನೆಯೇ ಎಂದು. ಪಕ್ಕದಲ್ಲಿ ಮಲಗಿದ ಮಗು ರೋಗಿಯಾಗದಂತೆ ಹೊಟ್ಟೆತುಂಬ ಊಟ ತಡೆಯಬಲ್ಲದೇ ಎಂದು ಅವರು ಕೇಳಿರಲಿಲ್ಲ.

ಆ ಪ್ರಶ್ನೆ ಕೇಳಿದವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು. ಮದರಾಸಿನ ಆ ಹಳೆಯ ಕೇಂದ್ರವೇ ಬೆಳೆದು ಆದ ಚೆನ್ನೈನ ರಾಷ್ಟ್ರೀಯ ಕ್ಷಯ ಸಂಶೋಧನಾ ಸಂಸ್ಥೆ ಜೊತೆಗಿತ್ತು. 2019ರಿಂದ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ ಒಂದು ಗುಂಪಿನ ರೋಗಿಗಳ ಮನೆಯವರಿಗೆ ತಲೆಗೆ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಪೋಷಕಾಂಶದ ಮಾತ್ರೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಪಡಿತರ ಸಿಕ್ಕಿದ್ದು ರೋಗಿಗೆ ಮಾತ್ರ. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಮನೆಮಂದಿಯೆಲ್ಲ ಉಂಡ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಬಂದವರ ಪ್ರಮಾಣ ಶೇಕಡಾ 39ರಷ್ಟು ಕಡಿಮೆ. ಅಕ್ಕಿ ಬೇಳೆಯಿಂದ ಇಷ್ಟು! ಮೊದಲ ಬಾರಿ ಓದಿದಾಗ ನಾನು ಆ ಸಾಲನ್ನು ಮತ್ತೆ ಮತ್ತೆ ನೋಡಿದೆ.

ಈಗ ಕಫ ಪರೀಕ್ಷೆ, ಮಾತ್ರೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರೋಗಿಯ ಜೊತೆ ವಾಸಿಸುವವರನ್ನು ಪರೀಕ್ಷಿಸಿ, ರೋಗವಿಲ್ಲದವರಿಗೂ ತಡೆಗಟ್ಟುವ ಮಾತ್ರೆ ಕೊಡುತ್ತಾರೆ. 2024ರ ನವೆಂಬರಿನಿಂದ ರೋಗಿಯ ಪೋಷಣೆಗೆ ತಿಂಗಳಿಗೆ ಸಾವಿರ ರೂಪಾಯಿ ಬ್ಯಾಂಕ್ ಖಾತೆಗೆ ಬರಬೇಕು. ದಾನಿಗಳ ಮೂಲಕ ಕೊಡುವ ಆಹಾರದ ಕಿಟ್‌ಗೆ ಮನೆಮಂದಿಯನ್ನೂ ಸೇರಿಸುವುದಾಗಿ ಕೇಂದ್ರ ಸರ್ಕಾರ ಅದೇ ವರ್ಷ ಹೇಳಿದೆ. ನಿಮ್ಮ ಬೀದಿಯಲ್ಲಿ ಯಾರಿಗಾದರೂ ಕ್ಷಯದ ಚಿಕಿತ್ಸೆ ನಡೆಯುತ್ತಿದ್ದರೆ, ಆ ಹಣ ಬಂತೇ, ಆ ಕಿಟ್ ಮನೆಯ ಮಕ್ಕಳಿಗೂ ಮುಟ್ಟಿತೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರ ಮನೆಗೆ ಹೋಗಿ, ಕಿಟಕಿ ತೆರೆದು ಕುಳಿತು, ಅವರು ಕೊಟ್ಟ ಲೋಟದಲ್ಲೇ ಕಾಫಿ ಕುಡಿಯಲು ಹೆದರಬೇಕಾಗಿಲ್ಲ.